ಗೌರವ್ವನ ಸಾಲು

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುವ ವಾಸನೆ ಬಂದರೆ ಈಗಲೂ ಗುಡೂರಿನ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮನೆಮನೆಗೆ ಬಂದು ಪದ ಹಾಡುವ ಸಿದ್ದಪ್ಪಜ್ಜ ಏಕತಾರಿ ಮೀಟುತ್ತ ಒಂದು ಸಾಲು ಹಾಡಿದರೆ, ಹೆಂಡತಿ ಗೌರವ್ವ ತಾಳ ಹಾಕುತ್ತ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು. ಅವರ ಪದವೆಂದರೆ ನಮ್ಮ ಅಜ್ಜಿಗೆ ಊಟವೂ ಬೇಡ. ಗೌರವ್ವ ತೀರಿಕೊಂಡ ಮೇಲೆ ಅವನು ಅಂದು ಮೊದಲ ಸಲ ಬಂದಿದ್ದ. ಹೊಳೆಯುವಂತೆ ತಿಕ್ಕಿದ ಅವಳ ಹಿತ್ತಾಳೆಯ ತಾಳಗಳನ್ನು ಕಂಬಳಿಯ ಮೇಲೆ ತನ್ನ ಪಕ್ಕದಲ್ಲಿಟ್ಟುಕೊಂಡ. ಒಂದು ಸಾಲು ಹಾಡುವನು. ಆಮೇಲೆ ಏಕತಾರಿಯನ್ನಷ್ಟೇ ಮೀಟುತ್ತ ಸುಮ್ಮನಿರುವನು. ಮತ್ತೆ ಒಂದು ಸಾಲು ಬಿಟ್ಟು ಹಾಡುವನು.

ಅಜ್ಜಿ ಸಹಿಸಲಿಲ್ಲ. “ಇದೇನೋ ಸಿದ್ದಪ್ಪ, ಪದ ಕಡದ ಕಡದ ಹಾಡಾಕತ್ತಿ. ಮೊದಲಿನ ರುಚಿನ ಇಲ್ಲ. ಪೂರಾ ಹಾಡು.”

“ನನ್ನ ಸಾಲು ನಾ ಹಾಡ್ತೇನ್ರಿ ಅಕ್ಕಾರ. ಆಕಿದು ಆಕಿ ಹಾಡಾಕತ್ತಾಳಲ್ರಿ.”

ಅಜ್ಜಿ ತಾಳಗಳನ್ನೇ ನೋಡುತ್ತ ಕುಳಿತಳು. ಆಮೇಲೆ, “ಧ್ವನಿ ಭಾಳ ಸಣ್ಣಾಗೇತಿ. ಸ್ವಲ್ಪ ಜೋರ ಹಾಡಂತ ಹೇಳು” ಎಂದಳು.

ಅವನು ಖಾಲಿ ಕಂಬಳಿಯತ್ತ ಬಾಗಿ ಏನೋ ಪಿಸುಗುಟ್ಟಿ, ಮತ್ತೆ ಹಾಡಿದ. ತನ್ನ ಸಾಲು ಮುಗಿಸಿ ಸುಮ್ಮನಾದ. ನಾನು ಉಸಿರು ಹಿಡಿದು ಕೇಳಿದೆ, ಏಕತಾರಿಯ ತಂತಿಯೊಂದೇ.

ಪಕ್ಕದಲ್ಲಿ ಅಜ್ಜಿ ಮೆಲ್ಲಗೆ ತಲೆದೂಗುತ್ತಿದ್ದಳು.