ಎರಡು ತಿಂಗಳ ಹನಿ

ನಿವೃತ್ತಿಯ ನಂತರ ಪೋರ್ಚುಗಲ್‌ನ ಕಡಲ ತೀರದಲ್ಲಿ ನೆಲೆಸುವುದು ಫಣಿರಾಜನ ಬಹುಕಾಲದ ಆಸೆ. ಹೋಗಿ ನೆಲೆಸಿಯೂ ಆಯಿತು. ಹೆಂಡತಿ ಮಂದಾಕಿನಿಯ ಗ್ಲಾಕೋಮಾಕ್ಕೆ ಮೈಸೂರಿನಿಂದ ತಂದಿದ್ದ ಕಣ್ಣಿನ ಹನಿ ಮುಗಿದಾಗ, ಹೊಸ ಚೀಟಿ ಬರೆಯಬೇಕಿದ್ದ ಅಲ್ಲಿನ ಡಾಕ್ಟರು ಭೇಟಿಗೆ ಎರಡು ತಿಂಗಳಾಚೆಗಿನ ದಿನ ಕೊಟ್ಟರು. ಹೇಳಿದರೆ ಊರಿಗೆ ಹೊರಡೋಣ ಎಂದಾಳೆಂದು ಹೆದರಿ, ಅವನು ಹಳೆಯ ಸೀಸೆಗೆ ಕಾಯಿಸಿ ಆರಿಸಿದ ನೀರು ತುಂಬಿ ದಿನವೂ ತಾನೇ ಅವಳ ಕಣ್ಣಿಗೆ ಹಾಕಿದ.

"ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿದೆ. ಅದು ಮರಳಿ ಬರುವುದಿಲ್ಲ," ಎಂದರು ಎರಡು ತಿಂಗಳ ನಂತರ ಪರೀಕ್ಷಿಸಿದ ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಅವಳ ಕೈ ಹಿಡಿದು ಅತ್ತ.

"ಮಂದಾ, ನಾನು ಹಾಕ್ತಿದ್ದದ್ದು ಔಷಧಿ ಅಲ್ಲ ಕಣೇ, ಬರೀ ನೀರು."

"ಗೊತ್ತಿತ್ತು ರೀ," ಎಂದಳು ಅವಳು. "ಔಷಧಿಯಾಗಿದ್ರೆ ಕಣ್ಣು ಉರೀತಿತ್ತು. ನೀವು ಇಲ್ಲಿ ಅಷ್ಟು ಖುಷಿಯಾಗಿದ್ರಲ್ಲ, ಅದಕ್ಕೇ ಸುಮ್ಮನಿದ್ದೆ."