ಹೋಯ್ತು ಮಾರಾಯ್ತಿ!

ರೆಫರಿ ವಿಷಲ್ ಊದಿದ. ಫೌಲ್! ಆಟ ಮುಗಿಯಲು ನಾಲ್ಕೇ ನಾಲ್ಕು ಸೆಕೆಂಡು, ಎರಡೂ ಕಡೆ ಎಪ್ಪತ್ತೊಂದು. ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಎರಡು ಫ್ರೀ ಥ್ರೋಗೆ ಗೆರೆಗೆ ಬಂದು ನಿಂತವಳು ಸ್ಯಾನ್ ಡಿಯಾಗೋ ತಂಡದ ಹದಿನಾಲ್ಕನೇ ನಂಬರಿನ ಅಶ್ವಿತಾ. ಎರಡರಲ್ಲಿ ಒಂದು ಬಿದ್ದರೂ ಲಾಸ್ ಏಂಜಲೀಸಿನ ಆಲ್ಡರ್‌ವುಡ್ ಕಾಲೇಜು ತನ್ನದೇ ಅಂಗಳದಲ್ಲಿ ಮಣ್ಣು ಮುಕ್ಕಬೇಕು. ಆಲ್ಡರ್‌ವುಡ್ ಎಂದರೆ ಸಾಮಾನ್ಯವೇ? ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿನಲ್ಲಿ ಒಂಬತ್ತು ಸಲ ದೇಶವನ್ನೇ ಗೆದ್ದ ತಂಡ! ಒಂಬತ್ತು ನೀಲಿ ಪತಾಕೆಗಳು ಚಾವಣಿಯಿಂದ ಇಳಿಬಿದ್ದಿದ್ದವು.

ಎಂಟನೇ ಸಾಲಿನಲ್ಲಿ, ನೀಲಿ ಅಂಗಿಯವರ ನಟ್ಟನಡುವೆ, ತಾನೂ ಅದೇ ನೀಲಿ ಅಂಗಿ ತೊಟ್ಟು ಕೂತಿದ್ದ ಕೃಷ್ಣರಾಜನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎದುರು ತಂಡದ ಆ ಅಶ್ವಿತಾ ಅವನ ಮಗಳು.

ಅವನು ಓದಿದ್ದು ಇದೇ ಕಾಲೇಜಿನಲ್ಲಿ. ಟೊರೆನ್ಸಿನಲ್ಲಿ ವಿಮಾನದ ಕಂಪನಿಗೆ ಸೇರಿದ ಮೇಲೂ, ಕೊರೋನಾದ ಕಾಲವೊಂದು ಬಿಟ್ಟರೆ, ಇಪ್ಪತ್ತಾರು ವರ್ಷ ತಪ್ಪದೆ ಇದೇ ಸೀಟಿಗೆ ಬಂದಿದ್ದಾನೆ. ಎದುರಾಳಿ ಹುಡುಗಿ ಫ್ರೀ ಥ್ರೋಗೆ ನಿಂತಳೆಂದರೆ ಬೊಬ್ಬೆ ಹಾಕಿ ಅವಳ ಗಮನ ಕೆಡಿಸುವುದು ಇಲ್ಲಿಯ ವಾಡಿಕೆ. ಎಂಟನೇ ಸಾಲಿನ ಬೊಬ್ಬೆಗೆ ಯಜಮಾನ ಕೃಷ್ಣರಾಜನೇ. ಕಂಬಳದ ಗದ್ದೆಯಲ್ಲಿ ಕೋಣ ಓಡಿಸುವವನ ಹಾಗೆ ಎದ್ದು ನಿಂತು, "ಹೋಯ್ತು ಮಾರಾಯ್ತೀ, ಹೋಯ್ತು!" ಎಂದು ಅವನು ಶುರು ಮಾಡಿದರೆ, ಸುತ್ತಲಿನ ಇನ್ನೂರು ಅಮೆರಿಕನ್ನರು ತಲೆಬುಡ ತಿಳಿಯದಿದ್ದರೂ ಅದನ್ನೇ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಮಗಳನ್ನು ಬೆಳೆಸಿದ್ದೂ ಈ ತಂಡಕ್ಕೆಂದೇ. ಆದರೆ ಆಲ್ಡರ್‌ವುಡ್ ಬೇಡವೆಂದಿತು, ಸ್ಯಾನ್ ಡಿಯಾಗೋದವರು ಬಾ ಎಂದರು.

"ನೋಡಿ, ಈಗ ನಿಮ್ಮ ಬಾಯಿಂದ ಒಂದು ಶಬ್ದ ಬರ್ಬಾರ್ದು," ಪಕ್ಕದಲ್ಲಿದ್ದ ಹೆಂಡತಿ ಉಮಾವತಿ ಅವನ ಮೊಣಕೈ ಹಿಡಿದಳು. "ಹೆತ್ತ ಮಗಳಿಗೆ ಅಡ್ಡ ಕೂಗುದಾ?"

"ಇಲ್ಲ ಮಾರಾಯ್ತಿ, ಕೂಗುದಿಲ್ಲ. ನಾನೆಂತ ಕಟುಕನಾ?"

"ಕ್ರಿಸ್, ಕಮಾನ್! ಶುರು ಮಾಡು!" ಹಿಂದಿನ ಸೀಟಿನ ಮುದುಕ ವಾಲ್ಟರ್ ಅವನ ಬೆನ್ನಿಗೆ ಗುದ್ದಿದ. ಕೃಷ್ಣರಾಜ ತಿರುಗಿ ಎರಡೂ ಕೈ ಮುಗಿದ. ಯಜಮಾನನೇ ಸುಮ್ಮನಾದ ಮೇಲೆ ಎಂಟನೇ ಸಾಲೂ ಸುಮ್ಮನಾಯಿತು. ಅಶ್ವಿತಾ ಚೆಂಡೆಸೆದಳು. ಅದು ಬುಟ್ಟಿಯ ಬಳೆಯ ಅಂಚಿನ ಮೇಲೆ ಒಂದು ಸುತ್ತು ಹಾಕಿ, ಹೊರಗೆ ಬಿತ್ತು.

ಇಡೀ ಕ್ರೀಡಾಂಗಣ ಕುಣಿಯಿತು. "ಅಯ್ಯೋ ದೇವರೇ!" ಎಂದು ಉಮಾವತಿ ಸೆರಗಿಲ್ಲದ ಹೆಗಲನ್ನೇ ತಡಕಿದಳು. ಕೃಷ್ಣರಾಜ ಹಣೆ ಚಚ್ಚಿಕೊಂಡ. ಈ ವರ್ಷ ಇಡೀ ಸೀಸನ್ನಿನಲ್ಲಿ ಮಗಳ ಥ್ರೋ ತಪ್ಪಿದ್ದು ಮೂರೋ ನಾಲ್ಕೋ ಇರಬೇಕು, ಇವತ್ತೇ ಹೀಗಾಗಬೇಕೇ!

ರೆಫರಿ ಮತ್ತೆ ಚೆಂಡು ಕೊಟ್ಟ. ಅಶ್ವಿತಾ ಬುಟ್ಟಿಯ ಕಡೆ ನೋಡಲೇ ಇಲ್ಲ. ತಿರುಗಿ ಎಂಟನೇ ಸಾಲಿನ ಕಡೆ, ನೇರ ಅಪ್ಪನ ಮುಖ ನೋಡಿದಳು. ಹುಬ್ಬು ಗಂಟಿಕ್ಕಿ, ಒಂದು ಕೈ ಕಿವಿಗೆ ಹಿಡಿದಳು.

ಅವನಿಗೆ ಥಟ್ಟನೆ ಹೊಳೆಯಿತು. ಎಂಟು ವರ್ಷ, ದಿನಾ ಸಂಜೆ ಆಫೀಸಿನಿಂದ ಬಂದವನೇ ಗ್ಯಾರೇಜಿನ ಮುಂದಿನ ಬುಟ್ಟಿಯ ಕೆಳಗೆ ನಿಂತು, ಸೌಟಿನಿಂದ ಸ್ಟೀಲ್ ತಟ್ಟೆ ಬಡಿಯುತ್ತಾ ಅವಳ ಮುಖಕ್ಕೇ "ಹೋಯ್ತು ಮಾರಾಯ್ತಿ" ಎಂದು ಕೂಗಿದವನು ತಾನೇ ಅಲ್ಲವೇ? ನಾಳೆ ಎಂಥ ಗದ್ದಲದಲ್ಲೂ ಮಗಳ ಕೈ ನಡುಗಬಾರದೆಂದು ಅಕ್ಕಪಕ್ಕದವರ ಬೈಗುಳ ತಿಂದು ಮಾಡಿಸಿದ ಅಭ್ಯಾಸ ಅದು. ಸಾವಿರಗಟ್ಟಲೆ ಚೆಂಡು ಆ ಕೂಗಿನಲ್ಲೇ ಹಾಕಿದ ಹುಡುಗಿ, ಅಪ್ಪ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಇವತ್ತೇ ನೋಡಿದ್ದು. ಥೂ, ಎಂಥ ಬುದ್ಧಿಗೇಡಿ ನಾನು!

ಧಡಕ್ಕನೆ ಎದ್ದ. ಉಮಾವತಿ ಅಂಗಿ ಜಗ್ಗಿದಳು. "ಏಯ್, ಕೂತ್ಕೊಳ್ಳಿ! ತಲೆ ಸರಿ ಉಂಟಾ ನಿಮಗೆ?"

"ಬಿಡು ಮಾರಾಯ್ತಿ, ಅವಳೇ ಕೇಳ್ತಾ ಇದ್ದಾಳೆ!"

ಹಾಕು ಮಗಳೇ, ಹಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಾ, ಬಾಯಲ್ಲಿ ಮಾತ್ರ, "ಹೋಯ್ತು ಮಾರಾಯ್ತೀ, ಹೋಯ್ತು!" ಎಂದು ಕೂಗಿದ. ಇನ್ನೂರು ಗಂಟಲು ಅವನ ಹಿಂದೆ ಎದ್ದವು. ಅಶ್ವಿತಾಳ ಹೆಗಲು ಸಡಿಲಾಯಿತು. ಚೆಂಡನ್ನು ಮೂರು ಸಲ ನೆಲಕ್ಕೆ ಪುಟಿಸಿ ಎಸೆದಳು. ಬಳೆಯನ್ನು ಮುಟ್ಟಲೂ ಇಲ್ಲ, ಸೀದಾ ಬಲೆಯೊಳಗೆ! ಆಲ್ಡರ್‌ವುಡ್ ಹುಡುಗಿಯರು ಅರ್ಧ ಅಂಕಣದಿಂದ ಎಸೆದ ಕೊನೆಯ ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ವಾಪಸ್ ಬಂತು. ಗಂಟೆ ಹೊಡೆಯಿತು, ಆಟ ಮುಗಿಯಿತು.

"ಕ್ರಿಸ್, ನಾವು ಸೋತೆವು!" ವಾಲ್ಟರ್ ತಲೆಯ ಮೇಲೆ ಕೈ ಹೊತ್ತ.

"ಹೌದು ವಾಲ್ಟರ್, ಸೋತೆವು!" ಕೃಷ್ಣರಾಜ ಅವನನ್ನು ಅಪ್ಪಿ ಹಿಡಿದು ಕುಣಿದೇ ಕುಣಿದ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

ಹೊರಗೆ, ಸ್ಯಾನ್ ಡಿಯಾಗೋಗೆ ಹೊರಟ ಬಸ್ಸಿನ ಬಾಗಿಲಲ್ಲಿ, ಬೆವರಿನ ಮುಖ ಒರೆಸಿಕೊಳ್ಳುತ್ತಾ ಅಶ್ವಿತಾ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. "ಫಸ್ಟ್ ಶಾಟ್‌ಗೆ ನಿಮ್ಗೆ ಏನಾಗಿತ್ತು ಅಪ್ಪಾ? ಐ ಗಾಟ್ ಸೋ ಸ್ಕೇರ್ಡ್!"

"ನಿನ್ನ ಅಮ್ಮ..."

"ನನ್ನ ಮೇಲೆ ಹಾಕ್ಬೇಡಿ," ಎಂದ ಉಮಾವತಿ ಮಗಳ ಕೆನ್ನೆ ಸವರಿದಳು. "ಬರುವ ತಿಂಗಳು ಆಲ್ಡರ್‌ವುಡ್‌ನವರೇ ನಿಮ್ಮಲ್ಲಿಗೆ ಆಡ್ಲಿಕ್ಕೆ ಬರ್ತಾರಂತಲ್ಲ? ನಮಗೆ ನಿಮ್ಮ ಟೀಮಿನ ಹಿಂದೆಯೇ ಎರಡು ಸೀಟು ಹೇಳಿಡು."

"ನಿಂಗೆ ಒಂದೇ ಸೀಟು ಹೇಳಿಡ್ತೀನಿ ಅಮ್ಮಾ." ಅಶ್ವಿತಾ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. "ಅಪ್ಪನ್ನ ಆಲ್ಡರ್‌ವುಡ್ ಕಡೆ ಕೂರಿಸ್ತೀನಿ. ನಮ್ಮ ಕಡೆ ಕೂತ್ರೆ ನಾನು ಮಿಸ್ ಮಾಡ್ತೀನಿ."