ಎರಡನೆಯ ಭಾಗದಲ್ಲಿ ದುಗ್ಗ

ಮಾಯಾಲೋಕದ ಕಾದಂಬರಿಯ ಮೊದಲ ಭಾಗದಲ್ಲಿ, ನೀರು ಮುಟ್ಟಿದನೆಂದು ನಾಯಕ ದುಗ್ಗನನ್ನು ಊರವರು ಕೆರೆಯ ಮೆಟ್ಟಿಲಿನಿಂದ ಹೊಡೆದು ಓಡಿಸಿದ್ದರು.

ಎರಡನೆಯ ಭಾಗ ಓದಿದ ಪ್ರಕಾಶಕರು ಲೇಖಕಿಯನ್ನು ಕರೆಸಿದರು.

“ಏನಮ್ಮಾ, ನಾಯಕನ ಕೈಲಿ ನಿನ್ನ ಆಸೆ ತೀರಿಸ್ಕೊಂಡಿದೀಯಲ್ಲ! ಯಾರು ನಂಬ್ತಾರೆ? ಅದನ್ನ ತೆಗಿ.”

“ಯಾವುದನ್ನ ಸಾರ್? ಹದ್ದಿನ ಬೆನ್ನೇರಿ ಹಾರೋದನ್ನಾ?”

“ಛೇ, ಅದಿರಲಿ. ಮಕ್ಕಳು ಚಪ್ಪಾಳೆ ಹೊಡೀತಾರೆ.”

“ಏಳು ತಲೆಯ ರಕ್ಕಸನನ್ನ ಒಬ್ಬನೇ ಕೊಲ್ಲೋದು?”

“ಅದೇ ಕಣಮ್ಮ ಪುಸ್ತಕದ ಜೀವ!”

“ಮತ್ತೆ?”

“ಕೊನೇಲಿ ಅದೇ ಮೆಟ್ಟಿಲ ಮೇಲೆ ಕೂತು ಬೊಗಸೇಲಿ ನೀರು ಕುಡೀತಾನಲ್ಲ, ಊರೋರು ಯಾರೂ ತಡೆಯಲ್ವಲ್ಲ, ಅದು. ಅದೊಂದು ತೆಗೆದ್ರೆ ನಾಳೇನೇ ಅಚ್ಚಿಗೆ.”

ಅವಳು ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡಳು.

“ಬೇಕಾದ್ರೆ ಹದ್ದನ್ನ ತೆಗೀತೀನಿ ಸಾರ್. ನೀರು ಮಾತ್ರ ಅವನು ಕುಡಿದೇ ಕುಡೀತಾನೆ.”